ಫಸ್ಟ್ ಬಂದ ನೀರು

ಮಾನ್ಯಳ ಬಾಟಲಿಗೆ ಮೀಟರ್ ಅದ್ದಿದ ಪ್ರತಿಭಾ ಟೀಚರ್, ಅದರಲ್ಲಿ ಮೂಡಿದ ಅಂಕಿಯನ್ನು ಎರಡು ಸಲ ಓದಿಕೊಂಡರು. ಎರಡು ಸಾವಿರದ ಮುನ್ನೂರ ನಲವತ್ತು. ಕಪ್ಪುಹಲಗೆಯ ಬಳಿ ನಿಂತಿದ್ದ ಮೇಘಶ್ರೀ ಅದನ್ನು ಮಾನ್ಯಳ ಹೆಸರಿನ ಮುಂದೆ ಬರೆದಳು. ಅಲ್ಲಿಯವರೆಗೆ ಯಾರ ನೀರೂ ಎಂಟುನೂರು ದಾಟಿರಲಿಲ್ಲ. ಏಳನೇ ತರಗತಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಹಿರೀಸಾವೆ ಕಡೆಯ ಆ ಸರ್ಕಾರಿ ಶಾಲೆಯ ಇಕೋ ಕ್ಲಬ್ಬಿಗೆ ಅದು ಮೊದಲ ಕಾರ್ಯಕ್ರಮ. ಮನೆಯಲ್ಲಿ ಕುಡಿಯುವ ನೀರನ್ನು ಒಂದೊಂದು ಬಾಟಲಿ ತರಲು ಟೀಚರ್ ಹೇಳಿದ್ದರು. ಪೆನ್ನಿನಂಥ ಆ ಮೀಟರ್ ಏನನ್ನು ಅಳೆಯುತ್ತದೆ ಎಂಬುದನ್ನು ಮಾತ್ರ, ಮಕ್ಕಳ ಕುತೂಹಲ ಉಳಿಯಲಿ ಎಂದು, ಕೊನೆಗೆ ಇಟ್ಟುಕೊಂಡಿದ್ದರು. ಈಗ ನೋಡಿದರೆ, ಯಾವ ಪರೀಕ್ಷೆಯಲ್ಲೂ ಮೊದಲು ಬರದ ಮಾನ್ಯ ಬೆಂಚಿನ ಮೇಲೆ ನೆಟ್ಟಗೆ ಕುಳಿತು ನಗುತ್ತಿದ್ದಳು.

ಹೇಳದೆ ವಿಧಿಯಿರಲಿಲ್ಲ. ಅಂಕಿ ಹೆಚ್ಚಾದಷ್ಟೂ ನೀರಿನಲ್ಲಿ ಕರಗಿದ ಉಪ್ಪಿನಂಶ ಹೆಚ್ಚು, ಎರಡು ಸಾವಿರ ದಾಟಿದ ಮೇಲೆ ಅದು ಕುಡಿಯುವ ನೀರೇ ಅಲ್ಲ ಎಂದು ಟೀಚರ್ ಆದಷ್ಟು ಮೆಲ್ಲಗೆ ವಿವರಿಸಿದರು. ಇಡೀ ತರಗತಿ ಮಾನ್ಯಳ ಕಡೆ ತಿರುಗಿತು. ಪಕ್ಕದಲ್ಲಿದ್ದವಳು ಸ್ವಲ್ಪ ಸರಿದು ಕುಳಿತಳು. ಮಾನ್ಯಳ ಅಜ್ಜಿಯ ಮಂಡಿನೋವಿಗೆ ಇದೇ ಕಾರಣ ಇರಬೇಕೆಂದು ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು.

ಅಂದು ಸಂಜೆ ಅವಳ ಮನೆಗೆ ಬಂದು ಅಜ್ಜಿ ಗುರುಸಿದ್ದಮ್ಮನವರ ಹತ್ತಿರ ತಾವೇ ಮಾತಾಡುವುದಾಗಿ ಟೀಚರ್ ಹೇಳಿದಾಗ ಮಾನ್ಯಳ ಕಣ್ಣು ತುಂಬಿ ಬಂತು.

“ಬ್ಯಾಡಿ ಮಿಸ್. ಅದು ನಮ್ಮನೆ ನೀರಲ್ಲ.”

“ಮತ್ತೆ ಯಾರ ಮನೇದು?”

ಅವಳು ತಲೆ ತಗ್ಗಿಸಿದಳು. “ನಮ್ಮನೇದೇ ತಂದಿದ್ದೆ. ದಾರೀಲಿ ಬಾಯಾರ್ಕೆ ಆಯ್ತು, ಕುಡ್ದ್‌ಬುಟ್ಟೆ. ಆಮೇಕೆ ಇಲ್ಲೇ ಸ್ಕೂಲ್ ನಲ್ಲೀಲಿ ಇಡ್ಕಂಡೆ.”

ಯಾರೂ ನಗಲಿಲ್ಲ. ಮೇಘಶ್ರೀ ಮಾನ್ಯಳ ಹೆಸರನ್ನು ಒರೆಸಿ, ಆ ಜಾಗದಲ್ಲಿ ಏನು ಬರೆಯಬೇಕೆಂದು ಕೇಳಿದಳು. ಶಾಲೆಯ ಬೋರ್‌ವೆಲ್ ಕೊರೆಸಿ ಎರಡು ವರ್ಷವಾಗಿತ್ತು. ನೀರು ಒಂದು ಥರ ಒಗರು ಅನ್ನಿಸಿದರೂ, ಬೋರ್ ನೀರೆಂದರೆ ಹೀಗೇ ಎಂದುಕೊಂಡು ಟೀಚರೂ ದಿನಾ ಅದನ್ನೇ ಕುಡಿಯುತ್ತಿದ್ದರು. ಒಮ್ಮೆಯೂ ಅಳೆದು ನೋಡಬೇಕೆನಿಸಿರಲಿಲ್ಲ.

ಅವರು ಮೀಟರ್ ಹಿಡಿದು ಅಂಗಳಕ್ಕಿಳಿದರು. ಹಿಂದೆಯೇ ಮಕ್ಕಳೆಲ್ಲ ಬಂದರು. ನಲ್ಲಿಯ ನೀರನ್ನು ಲೋಟಕ್ಕೆ ಹಿಡಿದು ನೋಡಿದಾಗ ಅಂಕಿ ಹೆಚ್ಚುಕಮ್ಮಿ ಅಷ್ಟೇ ಬಂತು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಒಂದನೇ ತರಗತಿಯ ಮಕ್ಕಳು ಓಡಿಬಂದು ನಲ್ಲಿಗೆ ಮುತ್ತಿಕೊಂಡರು. ಟೀಚರ್ ಕೈ ಚಾಚಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದರು.

ಎಲ್ಲರಿಗಿಂತ ಮುಂದಿದ್ದ ಪುಟ್ಟ ಹುಡುಗಿ ಒಡ್ಡಿದ ಬೊಗಸೆಯನ್ನು ಹಾಗೆಯೇ ಹಿಡಿದುಕೊಂಡು, ಮುಖವೆತ್ತಿ ಅವರನ್ನೇ ನೋಡುತ್ತ ನಿಂತಳು.