ಮೈಕು ಹಿಡಿದ ತಿಮ್ಮರಾಜು

ಮೈಕು ಕೈಗೆ ಬಂದಾಗ ತಿಮ್ಮರಾಜು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಪಾಂಡವಪುರದ ಟಾಕೀಸಿಗೆ ಮೊದಲ ಸಲ ಇಂಗ್ಲಿಷ್ ಥ್ರಿಲ್ಲರ್ ಬಂದಿತ್ತು. "ಜನುಕ್ಕೆ ಇಂಗ್ಲಿಷ್ ತಿಳಿಯಾಕಿಲ್ಲ, ನೀನೇ ಬುಡ್ಸಿ ಯೋಳ್ಲಾ," ಎಂದು ಮಾಲೀಕ ಅಂದಾನಯ್ಯ ಅವನನ್ನು ಪರದೆಯ ಪಕ್ಕ ನಿಲ್ಲಿಸಿದ್ದ.

"ಆಲಿವುಡ್ನೋರು ಕೊಲೆಗಾರನ್ನ ಕಡೇಗಂಟ ಬುಟ್ಕೊಡಾಕಿಲ್ಲ ಕಣ್ಲಾ. ನಮ್ಮೋರು ಮೊದಲ್ನೇ ರೀಲಲ್ಲೇ ತೋರಿಸ್ಬುಡ್ತಾರೆ!" ಪ್ರತಿ ಸೋಮವಾರ ಟೀ ಅಂಗಡಿಯಲ್ಲಿ ಹೀಗೆ ತೀರ್ಪು ಕೊಡುತ್ತಿದ್ದವನು ತಿಮ್ಮರಾಜುವೇ. ನಿಜದಲ್ಲಿ ಅವನಿಗೂ ಇಂಗ್ಲಿಷ್ ಬಾರದು. ಮೈಸೂರಿನ ಥಿಯೇಟರುಗಳ ಹೊರಗೆ ಅಂಟಿಸಿದ ಫೋಟೋಗಳನ್ನು ನೋಡಿ, ಬಸ್ಸಿನಲ್ಲಿ ಕಥೆ ಕಟ್ಟಿಕೊಂಡು ಬರುತ್ತಿದ್ದ.

ಪರದೆಯ ಮೇಲೆ ಬಿಳಿಯನೊಬ್ಬ ಬೆವರುತ್ತ ಮುಚ್ಚಿದ ಬಾಗಿಲನ್ನು ಒಳಗಿನಿಂದ ಗುದ್ದಿ, ಏನೋ ಕೂಗಿದ. ಜನರೆಲ್ಲ ತಿಮ್ಮರಾಜುವಿನ ಕಡೆ ತಿರುಗಿದರು. ಹೆಂಗಸರ ಬೆಂಚಿನಲ್ಲಿ ಹೆಂಡತಿ ಲತ ಹೆಮ್ಮೆಯಿಂದ ಬೀಗುತ್ತಿದ್ದಳು.

"ಇವ್ನು... ಸುಳ್ಳೇಳಿ ಸಿಗಾಕೊಂಡವ್ನೆ," ಎಂದ ತಿಮ್ಮರಾಜು. "ಈಚೆಗೆ ಬಂದ್ರೆ ಮಾನ ಓಯ್ತದೆ, ಒಳಗೇ ಇದ್ರೆ ಉಸ್ರು ಓಯ್ತದೆ."

ಟಾಕೀಸಿನ ತುಂಬ ಶಿಳ್ಳೆ, ಚಪ್ಪಾಳೆ. "ನಾಳೀಕೂ ನೀನೇ ಬಾರ್ಲಾ!" ಎಂದು ಅಂದಾನಯ್ಯ ಕೂಗಿದ. ಚಪ್ಪಾಳೆಗೆಂದು ಎತ್ತಿದ ಲತಳ ಕೈಗಳು ಮಾತ್ರ ಅರ್ಧಕ್ಕೇ ನಿಂತವು. ಅವಳು ಪರದೆ ಬಿಟ್ಟು ಗಂಡನನ್ನೇ ನೋಡುತ್ತಿದ್ದಳು.