ಪೆನ್ನಿನ ಬೀಡಿ

ಕಾರ್ತಿಕ ಮಾಸದಲ್ಲಿ ಮಾವಿನಹಣ್ಣಿನ ವಾಸನೆ ಎಲ್ಲಿಂದ ಬರಬೇಕು? ಅಮರಮ್ಮ ಮಹಡಿಯ ಮೆಟ್ಟಿಲ ಮೇಲೆಯೇ ನಿಂತು ಮೂಗರಳಿಸಿದಳು. ಮೇಲಿನ ಬಾಡಿಗೆಯ ಮಂದಿ ಮತ್ತೆ ಆ ದರಿದ್ರ ಹೊಗೆ ಬಿಟ್ಟಿದ್ದರು.

ಸಿಂಧನೂರಿನ ಮಸ್ಕಿ ರಸ್ತೆಯ ಈ ಮನೆಯ ಮಹಡಿಯನ್ನು ಆ್ಯಪಿನ ಮೂಲಕ ದಿನದ ಬಾಡಿಗೆಗೆ ಕೊಡತೊಡಗಿ ವರ್ಷವಾಗಿತ್ತು. ಅಷ್ಟರಲ್ಲೇ ಮನುಷ್ಯರ ಮೇಲೆ ಅವಳಿಗಿದ್ದ ಗೌರವ ತಳ ಕಂಡಿತ್ತು. ಬಿಳಿ ಹಾಸಿಗೆಯ ಮೇಲೆ ಕೂತು ಮಿರ್ಚಿ ತಿನ್ನುವವರು, ಟವೆಲಿನಿಂದ ಬೂಟು ಒರೆಸುವವರು, ಎಲ್ಲರನ್ನೂ ನೋಡಿದ್ದಳು. ಈ ಹೊಗೆಯವರು ಅವರೆಲ್ಲರಿಗಿಂತ ಕೀಳು. ಬೀಡಿ ಸೇದುವವನಿಗಾದರೂ ಅಷ್ಟಿಷ್ಟು ಮಾನವಿರುತ್ತದೆ, ಹೊರಗೆ ಹೋಗಿ ಸೇದುತ್ತಾನೆ. ಇವರು ಹಣ್ಣಿನ ವಾಸನೆಯ ಹೊಗೆ ಬಿಡುವ, ಪೆನ್ನಿನಂಥ ಎಲೆಕ್ಟ್ರಿಕ್ ಬೀಡಿಯನ್ನು ಬಾಯಿಗಿಟ್ಟು, ಒಳಗೇ ಕೂತು ಎಳೆಯುತ್ತಾರೆ. ಹೋದ ವಾರ ಬಂದವನೊಬ್ಬನಂತೂ ‘ಕೋಣೆಯಲ್ಲಿ ವೇಪ್ ವಾಸನೆ’ ಎಂದು ಆ್ಯಪಿನಲ್ಲಿ ಬರೆದು ಎರಡೇ ಸ್ಟಾರ್ ಕೊಟ್ಟಿದ್ದ. ಸೇದುವವನೂ ತಾನೇ, ದೂರು ಕೊಡುವವನೂ ತಾನೇ. ಅವತ್ತೇ ಬಾಗಿಲಿಗೆ ನಿಷೇಧದ ಚೀಟಿ ಅಂಟಿಸಿದ್ದಳು.

ಸ್ಟಾರ್ ಹಾಳಾಗಿ ಹೋಗಲಿ. ಅವಳ ಎದೆ ಹೊಡೆದುಕೊಳ್ಳುತ್ತಿದ್ದದ್ದು ಭಾನುವಾರಕ್ಕಾಗಿ. ಅಂದು ಲಿಂಗಸುಗೂರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಮಗ ಶಿವಪ್ರಸಾದ ಹೈಸ್ಕೂಲು ಮಾಸ್ತರ, ಮೂವತ್ತೆರಡು ದಾಟಿತ್ತು, ಮೂರು ಸಂಬಂಧ ಕೈತಪ್ಪಿದ್ದವು. ಈ ಹುಡುಗಿಯ ತಂದೆ ಬೀಡಿಗೆ ಪುಪ್ಪುಸ ಕೊಟ್ಟು ಸತ್ತವನು. ಅದಕ್ಕೇ ಅವರು ಬಂಗಾರ ಕೇಳಲಿಲ್ಲ, ಹೊಲ ಕೇಳಲಿಲ್ಲ. ಹುಡುಗನಿಗೆ ಹೊಗೆಯ ಚಟ ಇರಬಾರದು ಎಂದಷ್ಟೇ ಹೇಳಿ ಕಳಿಸಿದ್ದರು. ತನ್ನ ಮಗ ಅಡಿಕೆ ಚೂರನ್ನೂ ಬಾಯಿಗೆ ಹಾಕುವವನಲ್ಲ ಎಂದು ಅಮರಮ್ಮ ಮಧ್ಯಸ್ಥ ವೆಂಕೋಬನ ಕೈ ಹಿಡಿದು ಹೇಳಿದ್ದಳು. ಈಗ ಮನೆಗೆ ಕಾಲಿಟ್ಟೊಡನೆ ಈ ವಾಸನೆ ಅವರ ಮೂಗಿಗೆ ಬಡಿದರೆ ಯಾರು ನಂಬುತ್ತಾರೆ? ಪರದೆಗಳನ್ನು ಎರಡು ಸಲ ಒಗೆದಳು, ಲೋಬಾನ ಹಾಕಿದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೇಲಿದ್ದವರು ಇಬ್ಬರು. ಐವತ್ತರ ಆಸುಪಾಸಿನ ರೇಣುಕಾದೇವಿ, ಅವಳ ಮಗ ಗುರುಬಸವ. ಮಗನ ಒಂದು ಕಿವಿಯಲ್ಲಿ ಹರಳು. ಅದನ್ನು ನೋಡಿದಾಗಲೇ ಅಮರಮ್ಮ ಇವನ ಹಣೆಬರಹ ಓದಿ ಮುಗಿಸಿದ್ದಳು. ಬಳ್ಳಾರಿಯವರಂತೆ, ಮುದಗಲ್ಲಿನ ಕೋಟೆ, ಮಸ್ಕಿಯ ಶಾಸನ ನೋಡಲು ಗುರುವಾರ ಬಂದವರಂತೆ. ಎರಡು ದಿನವಾದರೂ ಕೋಟೆಯ ಕಡೆ ತಲೆ ಹಾಕಿರಲಿಲ್ಲ. ಆ ಹೆಂಗಸು ನಿಂಬೆಹಣ್ಣು ಬೇಕೆಂದು ಒಮ್ಮೆ, ಮಜ್ಜಿಗೆ ಬೇಕೆಂದು ಒಮ್ಮೆ ಕೆಳಗಿಳಿದು ಅಡುಗೆಮನೆಗೆ ಇಣುಕುತ್ತಿದ್ದಳು. ಅಡುಗೆ ಯಾರು ಮಾಡುತ್ತೀರಿ, ಪಾತ್ರೆ ತೊಳೆಯಲು ಆಳು ಬರುತ್ತಾಳೋ, ಮಗ ಮನೆಗೆ ಎಷ್ಟು ಹೊತ್ತಿಗೆ ಬರುತ್ತಾನೆ ಎಂದೆಲ್ಲ ಕೇಳುತ್ತಿದ್ದಳು. ಮಾಡಲು ಕೆಲಸ ಬದುಕಿಲ್ಲದ ಹೆಂಗಸು ಎಂದು ಅಮರಮ್ಮ ಅರ್ಧ ಉತ್ತರ ಕೊಟ್ಟು ಕಳಿಸುತ್ತಿದ್ದಳು.

ಶುಕ್ರವಾರ ಸಂಜೆ ಶಿವಪ್ರಸಾದ ಗೀಜರ್ ಸರಿಮಾಡಲು ಮೇಲೆ ಹೋಗಿ, ಅರ್ಧ ತಾಸಿನ ಮೇಲೆ ಇಳಿದು ಬಂದ. ಬರುತ್ತಲೇ ಸೋಂಪಿನ ಡಬ್ಬಿಗೆ ಕೈ ಹಾಕಿ, ಇದೆಲ್ಲ ಆ ಕಿವಿಹರಳಿನ ಹುಡುಗನದೇ ಕೆಲಸ ಎಂದ. ಶನಿವಾರ ಬೆಳಿಗ್ಗೆ ಅಮರಮ್ಮನಿಗೆ ಮೇಲಿನ ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲೆ ಆ ಪೆನ್ನೇ ಸಿಕ್ಕಿತು. ಎರಡು ಬೆರಳಿನಲ್ಲಿ, ಸತ್ತ ಹಲ್ಲಿಯನ್ನು ಹಿಡಿದಂತೆ ಹಿಡಿದು ಆ ತಾಯಿ-ಮಗನ ಮುಂದೆ ಆಡಿಸಿದಳು. ತನ್ನ ಮಗನನ್ನೂ ಕೂಗಿ ಕರೆದಳು.

ಶಿವಪ್ರಸಾದ ಶಾಲೆಯ ಪ್ರಾರ್ಥನೆಗೆ ನಿಂತವನಂತೆ ಎದೆ ಸೆಟೆಸಿ ಮಾತಾಡಿದ.

“ದೇಶದಾಗ ಇದು ಬ್ಯಾನ್ ಆಗೇತ್ರಿ. ಪೊಲೀಸರಿಗೆ ಫೋನ್ ಹಚ್ಚಲೇನು?”

ಅವ್ವನ ಕೈಯಿಂದ ಪೆನ್ನು ಕಸಿದುಕೊಂಡು, ತಾನೇ ಕಾಲುವೆಗೆ ಒಗೆದು ಬರುವುದಾಗಿ ಹೇಳಿ ಕಿಸೆಗೆ ಹಾಕಿಕೊಂಡ. ಗುರುಬಸವ ಕಿಸಕ್ಕನೆ ನಕ್ಕು ಏನೋ ಹೇಳಹೋದ. ತಾಯಿ ಅವನ ಮುಂಗೈ ಹಿಡಿದಳು.

“ತಡಿ ಮಗಾ. ಮಾಸ್ತರು ಇನ್ನಷ್ಟು ಹೇಳಲಿ.”

ಮಾಸ್ತರು ಹೇಳಿದರು. ಮಕ್ಕಳಿಗೆ ಇಂಥವರಿಂದಲೇ ಚಟ ಹತ್ತುತ್ತದೆ ಎಂದರು, ಇಂಥ ವಸ್ತುವನ್ನು ತಾವು ಜನ್ಮದಲ್ಲಿ ಕೈಯಿಂದ ಮುಟ್ಟಿಲ್ಲ ಎಂದು ಅವ್ವನ ಆಣೆ ಇಟ್ಟರು. ರೇಣುಕಾದೇವಿ ಪೂರ್ತಿ ಕೇಳಿಸಿಕೊಂಡಳು.

ಹತ್ತು ಗಂಟೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಅಮರಮ್ಮ ಹೇಳಿದಳು. ಅವರು ಹಾಸಿಗೆ ಮಡಚಿ, ಕೋಣೆ ಗುಡಿಸಿಯೇ ಇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಎಂದುಕೊಂಡಳು ಅಮರಮ್ಮ. ಅವರ ಬೆನ್ನ ಹಿಂದೆಯೇ ಗೇಟಿನವರೆಗೆ ಬಂದಳು. ಆಟೋ ನಿಂತಿತ್ತು. ಎದುರುಮನೆಯ ಆದಮ್ಮ ಬಾಗಿಲಿಗೆ ಬಂದು ನೋಡುತ್ತಿದ್ದಳು. ಅಮರಮ್ಮ ಅವಳಿಗೂ ಕೇಳುವಂತೆ ದನಿ ಎತ್ತರಿಸಿದಳು.

“ನಾಳೆ ನಮ್ಮ ಮನಿಗೆ ಮರ್ಯಾದಸ್ತ ಮಂದಿ ಬರಾಕತ್ತಾರ. ನಿಮ್ಮಂಥಾ ಮನ್ಯಾಗ ಹೆಣ್ಣುಹುಡುಗಿ ಇದ್ರ ಯಾರು ಮದಿವಿ ಆಗ್ತಾರ, ಪಾಪ?”

ರೇಣುಕಾದೇವಿ ಆಟೋದಲ್ಲಿ ಕೂತು ಸೆರಗು ಒಳಗೆಳೆದುಕೊಂಡಳು.

“ಒಬ್ಬಾಕಿ ಅದಾಳ್ರಿ ಅಕ್ಕಾರ, ಲಿಂಗಸುಗೂರಾಗ, ತೀರಿಕೊಂಡ ನಮ್ಮಣ್ಣನ ಮಗಳು, ಹೇಳಿ ಬಂದ್ರ ಸಾರಿಸಿದ ನೆಲ ಅಷ್ಟ ಕಾಣ್ತೈತಂತ ಹೇಳದ ಬಂದಿದ್ವಿ, ನಿನ್ನೆ ಗೀಜರ್ ಮಾಡಾಕ ಬಂದ ನಿಮ್ಮ ಮಗ ನನ್ನ ಮಗಗೂ ಆ ಪೆನ್ನು ಕೊಟ್ಟು ‘ಒಂದು ದಮ್ಮು ಎಳಿ, ನಮ್ಮವ್ವಗ ಹೇಳಬ್ಯಾಡ’ ಅಂದ, ನಾಳೆ ನಮ್ಮ ದಾರಿ ಕಾಯಬ್ಯಾಡ್ರಿ.”