ಹಿಂದಿನ ಸಾಲಿನ ಸ್ವೆಟರಿನವನು

"ನಿಮ್ಮ ಮಗಳ ಸ್ಕೂಲಿನ ಗೇಟು ನೀಲಿ ಬಣ್ಣದ್ದು, ಅಲ್ವೇನಮ್ಮ?" ಅಂತ ಆ ಅಪರಿಚಿತ ನಗುನಗುತ್ತಲೇ ಕೇಳಿದ. ನರ್ಸಮ್ಮ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟಳು. ಮಾನವತಾವಾದಿ ಬಳಗದ ಸಭೆಯಲ್ಲಿ ಅವತ್ತು ಅವಳದೇ ಭಾಷಣ, ತಾನು ದೇವರನ್ನು ಯಾಕೆ ಬಿಟ್ಟೆ ಅಂತ. "ಮಾತಾಡದಿದ್ರೆ ಒಳ್ಳೇದು," ಎಂದವನೇ ಹೋಗಿ ಹಿಂದಿನ ಸಾಲಿನಲ್ಲಿ ಕೂತ.

ಹುಷಾರಿಲ್ಲ ಅಂತ ಹೇಳಿ ಮನೆಗೆ ಓಡಿಬಿಡೋಣ ಅನ್ನಿಸಿತು ಅವಳಿಗೆ. ಅಷ್ಟರಲ್ಲಿ ಅಧ್ಯಕ್ಷರು ಕರೆದು ಮೈಕು ಕೈಗಿತ್ತರು. ಬಾಯಿಪಾಠ ಮಾಡಿದ್ದ ಭಾಷಣದ ಒಂದಕ್ಷರವೂ ನೆನಪಾಗಲಿಲ್ಲ. ಅವಳು ಹಿಂದಿನ ಸಾಲಿನ ಕಡೆ ನೋಡಿದಳು.

"ಹಿಂದುಗಡೆ ಕೆಂಪು ಸ್ವೆಟರ್ ಹಾಕ್ಕೊಂಡು ಕೂತಿದಾರಲ್ಲ," ಎಂದಳು ಕೊನೆಗೆ, "ಅವರು ನನ್ನ ಮಗಳ ಸ್ಕೂಲು ನೋಡ್ಕೊಂಡು ಬಂದಿದಾರೆ. ನಾನು ಬಾಯಿ ಮುಚ್ಕೊಂಡಿರಬೇಕಂತೆ. ಅವರ ಮುಖಾನ ನೀವೆಲ್ಲ ಒಂದ್ಸಲ ಸರಿಯಾಗಿ ನೋಡಿ."

ಕುರ್ಚಿಗಳು ಕಿರ್ರೆಂದವು. ಸಭೆಗೆ ಸಭೆಯೇ ಹಿಂದಕ್ಕೆ ತಿರುಗಿತು.